ಅಂಜೂರದ ನಾಲ್ಕು ಬಾಟಲಿ

ಹೋದ ತಿಂಗಳು ಕನ್ನಡಕದ ರಿಪೇರಿಗೆಂದು ಬಳ್ಳಾರಿಗೆ ಹೋಗಿದ್ದೆ. ಕೌಲ್ ಬಜಾರಿನ ಅಂಗಡಿಯವನು "ಅರ್ಧ ತಾಸು ಬಿಟ್ಟು ಬರ್ರಿ ಅಮ್ಮಾ" ಎಂದ. ಅರ್ಧ ತಾಸಿಗೆ ಎಲ್ಲಿಗೆಂದು ಹೋಗುವುದು? ಗೋಡೆಯ ನೆರಳು ಹಿಡಿದು ನಿಂತೆ. ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಟ್ಯೂಬಿಗೆ ತೇಪೆ ಹಾಕಿ ಕಾಯಿಸುತ್ತಿದ್ದರು. ಬಿಸಿ ರಬ್ಬರಿನ ವಾಸನೆ ಬಂತು. ಆ ವಾಸನೆಗೆ ಎಲ್ಲರಿಗೂ ತಲೆ ಸಿಡಿಯುತ್ತದೆ, ನನಗೆ ಬಾಯಲ್ಲಿ ನೀರೂರಿತು. ಜೊತೆಗಿದ್ದ ಸೊಸೆಗೆ ಹೇಳಿದರೆ ಮುದುಕಿಗೆ ಬಿಸಿಲು ತಲೆಗೇರಿದೆ ಅಂದುಕೊಂಡಾಳು ಎಂದು ಸುಮ್ಮನಿದ್ದೆ. ಸಕ್ಕರೆ ಪಾಕ, ನಿಂಬೆರಸ, ಅಂಜೂರ, ಜೊತೆಗೆ ಸೈಕಲ್ ಟ್ಯೂಬು. ಈ ನಾಲ್ಕರ ವಾಸನೆ ಕೂಡಿದ ಒಂದು ವರ್ಷ ನನ್ನ ಬದುಕಿನಲ್ಲಿ ಬಂದು ಹೋಗಿದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ರಾರಾವಿಯವಳು, ಕುರುಗೋಡಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ನಮ್ಮವರು ಶಾಲೆಯ ಮಾಸ್ತರು. ಮಾವನವರು ಹೊಲದ ಮನುಷ್ಯ, ಊಟದ ಹೊತ್ತಿಗೆ ಮಾತ್ರ ಮನೆಯಲ್ಲಿ ಕಾಣುತ್ತಿದ್ದರು. ಮನೆಯ ಹಿಂದೆ ಐದು ಅಂಜೂರದ ಗಿಡ, ಅವುಗಳ ಬುಡದಲ್ಲಿ ಟೊಮೇಟೊ, ಬದನೆ. ಎಲ್ಲದರ ಮೇಲೂ ಅತ್ತೆ ಗುರುಬಸಮ್ಮನವರ ಕಣ್ಣು. ಅವರು ಹಾಕಿದ ಮಾವಿನ ಉಪ್ಪಿನಕಾಯಿ ಮೂರು ವರ್ಷ ಕೆಡುತ್ತಿರಲಿಲ್ಲ. ಮದುವೆ ಮನೆಗಳಿಂದ ಜನ ಜಾಡಿ ಹಿಡಿದುಕೊಂಡು ಬರುತ್ತಿದ್ದರು. ಆ ಜಾಡಿಗಳ ಹತ್ತಿರ ನನ್ನನ್ನು ಮಾತ್ರ ಬಿಟ್ಟುಕೊಳ್ಳುತ್ತಿರಲಿಲ್ಲ.

"ನಿನ್ನ ಕೈ ಹಸೀ ಕೈ ಶಾಂತಾ. ನೀ ಮುಟ್ಟಿದ್ರ ಬೂಸರ ಬರ್ತೈತಿ. ರೊಟ್ಟಿ ಬಡಿ ಹೋಗು," ಎನ್ನುತ್ತಿದ್ದರು.

ಎರಡು ವರ್ಷ ರೊಟ್ಟಿ ಬಡಿದೆ. ಒಂದು ದಿನ ನಮ್ಮವರು ಶಾಲೆಗೆ ಬಂದ ಒಂದು ಹಸಿರು ಕಾಗದ ತಂದು ತೋರಿಸಿದರು. ಬಳ್ಳಾರಿಯಲ್ಲಿ ಹೆಣ್ಣುಮಕ್ಕಳಿಗೆ ಹತ್ತು ದಿನದ ತರಬೇತಿ, ಮನೆಯಲ್ಲಿ ಬೆಳೆದ ಹಣ್ಣು ತರಕಾರಿಗಳನ್ನು ಬಾಟಲಿಯಲ್ಲಿ ತುಂಬಿ ವರ್ಷಗಟ್ಟಲೆ ಕಾಪಾಡುವ ವಿಧಾನ. ಹಣ್ಣಿನ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಹತ್ತು ದಿನ ರೊಟ್ಟಿ ತಪ್ಪುತ್ತದಲ್ಲ ಎಂದು ಹೂಂ ಅಂದೆ. ಪಾರ್ವತಿನಗರದಲ್ಲಿ ನನ್ನ ಚಿಕ್ಕಮ್ಮನ ಮನೆಯಿತ್ತು, ಉಳಿಯುವ ಚಿಂತೆಯೂ ಇರಲಿಲ್ಲ. ಅತ್ತೆ ಕೇಳಿ ನಕ್ಕರು. "ಉಪ್ಪಿಲ್ಲ, ಖಾರಿಲ್ಲ, ಎಣ್ಣಿ ಇಲ್ಲ. ಅದ್ಹೆಂಗ ನಿಲ್ತೈತಿ? ಸರಕಾರದವ್ರು ಹೇಳಿದ್ರ ಹಣ್ಣು ಕೇಳ್ತಾವೇನು?" ಎಂದರು. ಆದರೂ ಬುತ್ತಿ ಕಟ್ಟಿ ಬಸ್ಸು ಹತ್ತಿಸಿದರು.

ಕಲಿಸಲು ಬಂದವರು ಸುಮಿತ್ರಾ ಟೀಚರ್, ಮೈಸೂರು ಕಡೆಯವರು. ಮೂಗಿನ ತುದಿಯಲ್ಲಿ ಕೋಪ. ಹದಿನೆಂಟು ಹೆಂಗಸರು ಸೀಮೆಎಣ್ಣೆ ಸ್ಟೋವುಗಳ ಸುತ್ತ ಬೆವರುತ್ತಿದ್ದರೆ ಅವರು ಕೈಗಡಿಯಾರ ನೋಡುತ್ತ ಅಡ್ಡಾಡುತ್ತಿದ್ದರು. ಬಾಟಲಿ ಕುದಿಸಬೇಕು. ಹಣ್ಣು ತುಂಬಿ ಬಿಸಿ ಪಾಕ ಸುರಿದು ಬಾಯಿಯ ಹತ್ತಿರ ಅರ್ಧ ಬೆರಳು ಜಾಗ ಬಿಡಬೇಕು. ಮುಚ್ಚಳ ಸಡಿಲ ಇಟ್ಟು ಹಬೆ ಹೋಗಲು ಬಿಡಬೇಕು, ಆಮೇಲೆ ಬಿಗಿದು, ನೀರಿನಲ್ಲಿ ಮುಳುಗಿಸಿ, ಹೇಳಿದಷ್ಟು ಹೊತ್ತು ಕುದಿಸಬೇಕು. ಮರುದಿನ ಮುಚ್ಚಳದ ನಡುಭಾಗ ಒಳಕ್ಕೆ ತಗ್ಗಿದ್ದರೆ ಗೆದ್ದ ಹಾಗೆ.

"ಒಂದು ಸಲ ಬಿಗಿದ ಮೇಲೆ ತಿನ್ನೋ ದಿವಸದವರೆಗೂ ಮುಚ್ಚಳ ಮುಟ್ಟಕೂಡದು. ಗಾಳಿ ಒಳಗೆ ಹೋಯ್ತೋ, ಅದು ಹಣ್ಣಲ್ಲ, ವಿಷ," ಎಂದರು ಟೀಚರ್. ಬೀನ್ಸ್, ಕ್ಯಾರೆಟ್‌ಗಳನ್ನು ಪ್ರೆಶರ್ ಕುಕ್ಕರ್ ಇಲ್ಲದೆ ಮುಟ್ಟಲೇಬೇಡಿ ಎಂದು ಗದರಿದರು. ಅಂಜೂರದ ಮಾತು ನಾನೇ ಕೇಳಿದೆ. "ಅದರಲ್ಲಿ ಹುಳಿ ಸಾಲದು ಕಣಮ್ಮ. ಪ್ರತಿ ಬಾಟಲಿಗೂ ಅಳೆದು ನಿಂಬೆರಸ ಹಾಕಬೇಕು. ಮರೆತರೆ ನಾನು ಜವಾಬ್ದಾರಳಲ್ಲ," ಎಂದರು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದು ಎರಡು ಗೆರೆ ಎಳೆದುಕೊಂಡೆ.

ಕೊನೆಯ ದಿನ ಕೌಲ್ ಬಜಾರಿಗೆ ಹೋಗಿ ಹಳೇ ಬಾಟಲಿಯ ಅಂಗಡಿ ಹುಡುಕಿದೆ. ಅಂಗಡಿಯ ಮಸ್ತಾನ್ ಸಾಬರು ಒಂದೊಂದೇ ಬಾಟಲಿ ಮೂಸಿ ಮೂಸಿ ನೋಡಿ ಆಚೆ ಇಡುತ್ತಿದ್ದರು.

"ಇದು ಔಷಧಿದು, ನಿಮಗ ಬ್ಯಾಡ. ಇದರಾಗ ಟರ್ಪೆಂಟೈನ್ ಇತ್ತು, ನೂರು ಸಲ ತೊಳದ್ರೂ ಹೋಗಂಗಿಲ್ಲ. ತಿನ್ನೋ ಚೀಜ್ ಇಡಾಕ ಬೇಕು ಅಂತೀರಿ, ಹಾಲಿನ ಪುಡಿ ಬಾಟ್ಲಿ ತಗೋರಿ ಅಮ್ಮಾ. ಬಾಯಿ ಅಗಲ, ಗಾಜು ದಪ್ಪ," ಎಂದು ಹದಿನೆಂಟು ಬಾಟಲಿ ಆರಿಸಿ ಕೊಟ್ಟರು. ಮುಚ್ಚಳದೊಳಗೆ ಕೂರಿಸುವ ರಬ್ಬರ್ ಬಳೆ ಎಲ್ಲೂ ಸಿಗಲಿಲ್ಲ. ಸಾಬರೇ ಹೊಸ ಸೈಕಲ್ ಟ್ಯೂಬ್ ಒಂದನ್ನು ಕತ್ತರಿಸಿ ಅಳತೆಗೆ ಸರಿಯಾಗಿ ಬಳೆ ಮಾಡಿ ಕೊಟ್ಟರು.

ಕಲಿಯುವ ತನಕ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ ಎನ್ನುತ್ತಾರೆ. ನನ್ನದು ಎರಡರ ನಡುವೆ ಸಿಕ್ಕಿಕೊಂಡಿತ್ತು. ಹಿತ್ತಲಿನ ಟೊಮೇಟೊದಿಂದ ಶುರು ಮಾಡಿದೆ. ಮೊದಲ ದಿನ ಕೊಪ್ಪರಿಗೆಯ ತಳಕ್ಕೆ ಬಟ್ಟೆ ಹಾಸುವುದನ್ನು ಮರೆತು ಎರಡು ಬಾಟಲಿಯ ತಳವೇ ಉದುರಿ ಕೊಪ್ಪರಿಗೆಯ ನೀರೆಲ್ಲ ಕೆಂಪಾಯಿತು. ಎರಡನೆಯ ಸಲ ಬಾಟಲಿ ನಿಂತವು, ಮುಚ್ಚಳವೂ ತಗ್ಗಿತು. ಹದಿನೈದು ದಿನ ಬಿಟ್ಟು ಹೆಮ್ಮೆಯಿಂದ ಒಂದನ್ನು ತೆಗೆದು ಸಾರು ಮಾಡಿದೆ. ಮಾವನವರು ಒಂದು ತುತ್ತು ಉಂಡು ತಟ್ಟೆಯ ಕಡೆ ನೋಡಿದರು.

"ಏನವಾ ಶಾಂತಾ, ಸಾರು ಉಂಡ್ರ ಸೈಕಲ್ ತುಳದಂಗ ಆಕ್ಕೈತಿ?"

ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ನನಗೆ ಅಳು ಬಂತು. ಟ್ಯೂಬಿನ ಬಳೆಗಳನ್ನು ಸೋಡಾ ಹಾಕಿದ ನೀರಿನಲ್ಲಿ ಮೂರು ಸಲ ಕುದಿಸಿದರೆ ವಾಸನೆ ಹೋಗುತ್ತದೆ ಎಂದು ಗೊತ್ತಾಗಲು ಇನ್ನೂ ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ಮನೆ ತುಂಬ ಪಂಕ್ಚರ್ ಅಂಗಡಿಯ ವಾಸನೆ.

ಯುಗಾದಿಯ ಮರುದಿನ ಸಿರುಗುಪ್ಪದಿಂದ ಸುದ್ದಿ ಬಂತು. ಅಲ್ಲಿಗೆ ಕೊಟ್ಟಿದ್ದ ನಾದಿನಿ ನಾಗರತ್ನ ಮೂರು ತಿಂಗಳ ಬಸುರಿ. ನಮ್ಮ ಮನೆಯಲ್ಲಿ ಯಾರೂ ಕುಣಿಯಲಿಲ್ಲ. ಹಿಂದೆ ಎರಡು ಸಲ ಹೀಗೆ ಸುದ್ದಿ ಬಂದು, ಎರಡು ಸಲವೂ ನಾಲ್ಕನೆಯ ತಿಂಗಳಲ್ಲಿ ಹೋಗಿತ್ತು. ಎರಡನೆಯ ಸಲ ಅವಳು ತವರಿಗೆ ಬಂದು ಒಂದು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದನ್ನು ನಾನು ಕಂಡಿದ್ದೆ.

ಅತ್ತೆ, ನಾನು ಸಿರುಗುಪ್ಪಕ್ಕೆ ಹೋದೆವು. ಹೋಗುವಾಗ ಅತ್ತೆ ಬುಟ್ಟಿ ತುಂಬ ಅಂಜೂರ ಒಯ್ದಿದ್ದರು. ನಾಗರತ್ನ ಬುಟ್ಟಿಯನ್ನು ನೋಡಿದ ರೀತಿ ಇನ್ನೂ ಕಣ್ಣಲ್ಲಿದೆ. ಅಷ್ಟು ದಿನ ಅವಳ ಹೊಟ್ಟೆಯಲ್ಲಿ ಗಂಜಿಯೂ ನಿಲ್ಲುತ್ತಿರಲಿಲ್ಲವಂತೆ. ಕೈ ಚಾಚಿದಳು. ಅವಳ ಅತ್ತೆ ನೀಲಮ್ಮನವರು ಬುಟ್ಟಿಯನ್ನು ಎತ್ತಿ ಒಳಗೆ ಇಟ್ಟುಬಿಟ್ಟರು.

"ಅಂಜೂರ ಭಾಳ ಉಷ್ಣ ಐತ್ರಿ. ಎರಡು ಸಲ ಕಳಕೊಂಡೀವಿ. ಐದು ತಿಂಗಳು ತುಂಬೋ ತನಕ ಬ್ಯಾಡ್ರಿ, ನಿಮ್ಮ ಕಾಲು ಬೀಳ್ತೀನಿ."

ನೀಲಮ್ಮನವರು ಕೆಟ್ಟವರಲ್ಲ. ಹೆದರಿದ್ದರು, ಅಷ್ಟೇ. ಅತ್ತೆಗೂ ಅದು ತಿಳಿಯಿತು, ವಾದ ಮಾಡಲಿಲ್ಲ. ನಾವು ಹೊರಡುವಾಗ ನಾಗರತ್ನ ಬಾಗಿಲ ಹಿಂದೆ ನನ್ನ ಕೈ ಹಿಡಿದಳು.

"ವೈನಿ, ಬ್ಯಾರೆ ಏನೂ ಬ್ಯಾಡನಸ್ತೈತಿ. ಕಣ್ಣು ಮುಚ್ಚಿದ್ರ ನಮ್ಮ ಹಿತ್ತಲದಾಗಿನ ಹಣ್ಣು ಕಾಣ್ತಾವ. ಐದು ತಿಂಗಳು ತುಂಬೋದ್ರಾಗ ಗಿಡದಾಗ ಒಂದೂ ಇರಂಗಿಲ್ಲ."

ನಿಜವೇ. ನಮ್ಮ ಗಿಡಗಳ ಹಣ್ಣು ವೈಶಾಖ ದಾಟುತ್ತಿರಲಿಲ್ಲ. ಒಣಗಿಸಿದರೆ ಚಪ್ಪಲಿಯ ಅಟ್ಟೆಯಂತೆ ಆಗುತ್ತಿತ್ತು. ಪೇಟೆಯ ಒಣ ಅಂಜೂರ ಅವಳಿಗೆ ಬೇಡ. ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಅತ್ತೆಗೆ ಮಗುವಿನ ಕಿವಿಗಿಂತ ಮಗಳ ಮುಖದ ಚಿಂತೆ. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಕಿಟಕಿಯ ಕಡೆ ನೋಡುತ್ತಲೇ ಕೇಳಿದರು.

"ನಿನ್ನ ಬಾಟ್ಲಿ ವಿದ್ಯಾ, ಶ್ರಾವಣದ ತನಕ ಹಣ್ಣು ಕಾಯ್ತೈತೇನು?"

"ಸರಿಯಾಗಿ ಮಾಡಿದ್ರ ವರ್ಷ ಕಾಯ್ತೈತಿ ಅತ್ತಿ."

"ಹಂಗಾರ ಮಾಡು. ಏಳನೇ ತಿಂಗಳ ಕುಬುಸದಾಗ ಆಕಿಗೆ ನಮ್ಮ ಗಿಡದ ಹಣ್ಣ ತಿನ್ನಸ್ತೀನಿ."

ಎರಡು ವರ್ಷದಲ್ಲಿ ಅತ್ತೆ ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಕುಬುಸವೆಂದರೆ ತವರಿನವರು ಬಯಕೆಯ ಬುತ್ತಿ ಹೊತ್ತು ಹೋಗಿ, ಹಸಿರು ಸೀರೆ ಉಡಿಸಿ, ಮಗಳನ್ನು ಹೆರಿಗೆಗೆ ಕರೆತರುವ ಸಂಭ್ರಮ. ಅದಕ್ಕಿನ್ನೂ ನಾಲ್ಕು ತಿಂಗಳಿತ್ತು.

ಆ ಚೈತ್ರದ ಬಿಸಿಲು ಬಳ್ಳಾರಿ ಸೀಮೆಯವರಿಗೇ ಗೊತ್ತು. ಅಂಗಳದ ಬಂಡೆಯ ಮೇಲೆ ಕಾಲಿಟ್ಟರೆ ಅಂಗಾಲು ಚುರ್ ಎನ್ನುತ್ತಿತ್ತು. ನಾನು ಅಂಥ ಅಂಗಳದಲ್ಲಿ ಕಲ್ಲಿನ ಒಲೆ ಹೂಡಿ ಕೊಪ್ಪರಿಗೆ ಇಟ್ಟೆ. ಹಣ್ಣು ಬಿಡಿಸುವಾಗ ತೊಟ್ಟಿನ ಹಾಲು ತಾಗಿ ಮುಂಗೈ ತುರಿಸಿ ಕೆಂಪಾಯಿತು. ಬಳೆಗಳನ್ನು ಸೋಡಾ ನೀರಿನಲ್ಲಿ ಕುದಿಸಿದೆ. ನಿಂಬೆರಸ ಅಳೆದು ಹಾಕಿದೆ. ನಮ್ಮವರ ಕೈಗಡಿಯಾರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಮಿಷ ಎಣಿಸಿದೆ. ನಾಲ್ಕು ದಿನದಲ್ಲಿ ಹನ್ನೆರಡು ಬಾಟಲಿ. ಹಣ್ಣು ಒಂದಿಷ್ಟು ಒಡೆದು ಗೊಜ್ಜಾಗಿತ್ತು, ಆದರೆ ಹನ್ನೆರಡೂ ಮುಚ್ಚಳ ತಗ್ಗಿದ್ದವು. ಬೆರಳಿನಿಂದ ತಟ್ಟಿದರೆ ಠಣ್ ಎನ್ನುತ್ತಿದ್ದವು. ಕತ್ತಲೆ ಕೋಣೆಯಲ್ಲಿ ಜೋಳದ ಚೀಲದ ಹಿಂದೆ ಸಾಲಾಗಿ ಇಟ್ಟು ಬಂದೆ. ಆ ದಿನ ನನ್ನ ನಡಿಗೆಯೇ ಬೇರೆಯಾಗಿತ್ತು.

ಇಪ್ಪತ್ತು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ನೋಡಿದರೆ ಮೂರು ಬಾಟಲಿಯಲ್ಲಿ ನೊರೆ. ಮುಚ್ಚಳ ಉಬ್ಬಿ ಪಾಕ ಜಿನುಗುತ್ತಿತ್ತು. ನೋಟ್‌ಬುಕ್ ತೆಗೆದು ಒಂದೊಂದೇ ಸಾಲು ಓದಿದೆ. ನಿಂಬೆರಸ ಹಾಕಿದ್ದೆ. ಹೊತ್ತು ಸರಿಯಿತ್ತು. ಎಲ್ಲಿ ತಪ್ಪಿತು? ಯಾರಿಗೂ ಹೇಳದೆ ಆ ಮೂರನ್ನು ತಿಪ್ಪೆಯಲ್ಲಿ ಹೂತು ಬಂದೆ. ನನ್ನ ಕೈ ಹಸಿ ಕೈಯೇ ಇರಬೇಕು ಎಂದು ನನಗೂ ಅನ್ನಿಸತೊಡಗಿತು.

ಅದಾದ ಮೂರನೆಯ ದಿನ ಸೋಮವಾರ. ಮಧ್ಯಾಹ್ನ ಎಂದಿಗಿಂತ ಬೇಗ ನೀರು ಹೊತ್ತು ಹಿತ್ತಲ ಬಾಗಿಲಿನಿಂದ ಬಂದವಳು ಕೊಡ ಹಿಡಿದುಕೊಂಡೇ ನಿಂತೆ. ಅಂಗಳದ ಬಿಸಿಲಿನಲ್ಲಿ ಉಪ್ಪಿನಕಾಯಿಯ ಜಾಡಿಗಳು ಬಾಯಿಗೆ ತೆಳು ಬಟ್ಟೆ ಕಟ್ಟಿಸಿಕೊಂಡು ಕೂತಿದ್ದವು. ಪ್ರತಿ ಸೋಮವಾರ ಕೂರುತ್ತಿದ್ದವು, ಅದು ಅತ್ತೆಯ ಪದ್ಧತಿ. ಜಾಡಿಗಳ ಪಕ್ಕದಲ್ಲಿ ನನ್ನ ಒಂಬತ್ತು ಬಾಟಲಿಗಳು. ಅವುಗಳ ಬಾಯಿಗೂ ಬಟ್ಟೆ. ಅತ್ತೆ ಒಣಗಿದ ಮರದ ಸೌಟಿನಿಂದ ಒಂದೊಂದನ್ನೇ ಮೃದುವಾಗಿ ಕೈಯಾಡಿಸುತ್ತಿದ್ದರು.

"ಅತ್ತೀ! ಏನ್ ಮಾಡಾಕತ್ತೀರಿ?"

"ಯಾಕ ಚೀರ್ತಿ? ಬಿಸೀದು ತುಂಬಿ ಹಂಗ ಬಿಗದು ಇಟ್ಟೀದಿ. ಬಿಸಿ ಅನ್ನ ಮುಚ್ಚಿಟ್ರ ಬೆವತು ಹಳಸಂಗಿಲ್ಲೇನು? ಉಸರಾಡಾಕ ಬ್ಯಾಡೇನು ಅದಕ್ಕ? ನಾ ವಾರಕ್ಕೊಮ್ಮಿ ಬಿಚ್ಚಿ, ಬಿಸಲ ತೋರ್ಸಿ, ಮತ್ತ ಮುಚ್ಚಿ ಇಡಾಕತ್ತೀನಿ. ನೀ ಒಂದಿನಾನೂ ಹೊಳ್ಳಿ ನೋಡಲಿಲ್ಲ."

ಅವರು ಮಾಡಿದ್ದು ನಲವತ್ತು ವರ್ಷ ಅವರಿಗೆ ಹೆಸರು ತಂದ ಕೆಲಸ. ಉಪ್ಪಿನಕಾಯಿಗೆ ಅದು ಆರೈಕೆ. ಬಾಟಲಿಯ ಹಣ್ಣಿಗೆ ಅದೇ ಸಾವು. ಮುಟ್ಟಬಾರದು ಎಂದು ನಾನೂ ಅವರಿಗೆ ಹೇಳಿರಲಿಲ್ಲ. ಉಪ್ಪಿನಕಾಯಿಯ ರಾಣಿಗೆ ಹೇಳಿಕೊಡಲು ನಾನ್ಯಾರು ಎಂಬ ಅಳುಕು ಒಂದು. ಒಂದಾದರೂ ವಿದ್ಯೆ ನನ್ನೊಬ್ಬಳದೇ ಇರಲಿ ಎಂಬ ಸಣ್ಣತನ ಇನ್ನೊಂದು. ಇದು ಈಗ ತಿಳಿಯುತ್ತದೆ. ಆಗ ತಿಳಿದಿದ್ದರೆ ಬಾಯಿ ಹಿಡಿದುಕೊಳ್ಳುತ್ತಿದ್ದೆ.

"ಎಲ್ಲಾ ನಿಮ್ಮ ಕೈಯಿಂದನ ಹಾಳಾತು," ಎಂದುಬಿಟ್ಟೆ. "ನಿಮ್ಮ ಮಗಳ ಬಾಯಿಗೆ ಹಾಕೂದನ್ನ ನೀವ ವಿಷ ಮಾಡಿಟ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ತಮ್ಮ ಕೈ ನೋಡಿಕೊಂಡರು. ನಾನು ಒಂಬತ್ತೂ ಬಾಟಲಿಗಳನ್ನು ಅವರ ಕಣ್ಣ ಮುಂದೆಯೇ ತಿಪ್ಪೆಗೆ ಸುರಿದೆ. ನೋಡಲು ಚೆನ್ನಾಗಿದ್ದ ಹಣ್ಣೂ ಅದರಲ್ಲಿತ್ತು. ಅಷ್ಟು ತಿನ್ನುವ ಪದಾರ್ಥವನ್ನು ಯಾರೂ ಆ ಮನೆಯಲ್ಲಿ ಚೆಲ್ಲಿರಲಿಲ್ಲ.

ಐದು ದಿನ ಅತ್ತೆ ನನ್ನ ತಟ್ಟೆಗೆ ಬಡಿಸುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ನಮ್ಮವರು ಶಾಲೆಗೆ ರಜೆ ಇದ್ದರೂ ಬೆಳಿಗ್ಗೆಯೇ ಎದ್ದು ಎಲ್ಲಿಗೋ ಹೋಗುತ್ತಿದ್ದರು, ಜಾಣರು. ನಾನು ಕ್ಷಮೆ ಕೇಳಬೇಕು ಎಂದು ದಿನಕ್ಕೆ ಹತ್ತು ಸಲ ಅಡುಗೆಮನೆಯ ಬಾಗಿಲವರೆಗೆ ಹೋಗಿ ಹಿಂದಕ್ಕೆ ಬಂದೆ. ಆರನೆಯ ದಿನ ಬೆಳಿಗ್ಗೆ ಅವರೇ ನನ್ನೆದುರು ಒಂದು ಬುಟ್ಟಿ ಇಟ್ಟರು. ಬುಟ್ಟಿಯ ತಳದಲ್ಲಿ ಅಂಜೂರ.

"ಕಡೇ ಹಣ್ಣು. ಬಾವಲಿ ತಿಂದು ಉಳಿಸಿದ್ದು. ಇನ್ನ ಗಿಡದಾಗ ಇಲ್ಲ," ಎಂದರು. ಬುಟ್ಟಿಯ ಪಕ್ಕದಲ್ಲೇ ಕೂತು, "ನನಗ ಕಲಿಸು. ಯಾಕ ಬಿಚ್ಚಬಾರ್ದು, ಅದನ್ನ ಹೇಳು," ಎಂದರು.

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. "ಅದೆಲ್ಲಾ ಆಮ್ಯಾಲ. ಮೊದಲ ಕಲಿಸು," ಎಂದರು.

ಕಲಿಸಿದೆ. ಉಪ್ಪಿನಕಾಯಿಯಲ್ಲಿ ಉಪ್ಪು, ಖಾರ, ಎಣ್ಣೆ ಕಾವಲು ಕಾಯುತ್ತವೆ, ಬಿಚ್ಚಿದರೂ ನಡೆಯುತ್ತದೆ. ಇದರಲ್ಲಿ ಆ ಕಾವಲು ಇಲ್ಲ, ಮುಚ್ಚಳವೇ ಕಾವಲು. ಅತ್ತೆ ಕಣ್ಣು ಕಿರಿದು ಮಾಡಿ ಕೇಳಿದರು. ಆಮೇಲೆ ಅವರ ಪಾಠ ಶುರುವಾಯಿತು.

"ಪೂರಾ ಹಣ್ಣಾದದ್ದು ತಗೋತೀದಿ, ಅದಕ್ಕ ಒಳಗ ಗೊಜ್ಜಾಗತೈತಿ. ಕುತ್ತಿಗಿ ಬಾಗೇತಿ ನೋಡು, ಇದು ನಾಳಿ ಹಣ್ಣು. ಇಂಥಾದ್ದು ಆರಸು. ಕೈಗೆ ಮೊದಲ ಎಣ್ಣಿ ಹಚ್ಚಿಕೋ, ಹಾಲು ಹತ್ತಂಗಿಲ್ಲ."

ಅವರು ಆರಿಸಿದ ಹಣ್ಣು ಪಾಕದಲ್ಲಿ ಒಂದೂ ಒಡೆಯಲಿಲ್ಲ. ಮುಚ್ಚಳ ಹಾಕುವ ಮೊದಲು ಅವರು ನನ್ನ ಕೈ ತಡೆದರು. ಲಿಂಗಕ್ಕೆ ಅರ್ಪಿಸದೆ ಅವರು ಏನನ್ನೂ ಬಾಯಿಗಿಡುವವರಲ್ಲ. ಕುಬುಸದ ದಿನ ಅಷ್ಟು ಜನರ ನಡುವೆ ಅದಕ್ಕೆಲ್ಲಿ ಹೊತ್ತು? "ಈಗ ಅರ್ಪಿಸಿಬಿಡ್ತೀನಿ, ಆಮ್ಯಾಲ ಬಿಗಿ," ಎಂದು ಒಂದು ಹಣ್ಣು ತೆಗೆದುಕೊಂಡು ಪೂಜೆಗೆ ಕೂತರು. ನಾನು ಪಾಕ ಆರದ ಹಾಗೆ ಒಲೆ ಕಾಯ್ದೆ. ಟೀಚರ್ ಇದ್ದಿದ್ದರೆ ಗಡಿಯಾರ ತೋರಿಸಿ ಕೂಗಾಡುತ್ತಿದ್ದರು.

ನಾಲ್ಕೇ ಬಾಟಲಿ ಆದವು. ಮರುದಿನ ಮುಚ್ಚಳ ತಗ್ಗಿದ್ದನ್ನು ಅತ್ತೆಗೆ ತೋರಿಸಿದೆ. ಅವರು ಬೆರಳು ಇಟ್ಟು ನೋಡಿ, "ಹೂಂ, ಒಳಗ ಎಳಕೊಂಡೈತಿ," ಎಂದರು. ಆ ಮೇಲಿನ ಸೋಮವಾರಗಳಲ್ಲಿ ಜಾಡಿಗಳನ್ನು ಬಿಸಿಲಿಗೆ ಇಡುವಾಗ ಕತ್ತಲೆ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಬಾಟಲಿಗಳ ಕಡೆ ಒಮ್ಮೆ ನೋಡಿ ಹೋಗುತ್ತಿದ್ದರು. ಕೈ ತಡೆದುಕೊಳ್ಳುವುದು ಅವರಿಗೆ ಎಷ್ಟು ಕಷ್ಟವಾಗುತ್ತಿತ್ತೋ ನನಗೆ ಕಾಣುತ್ತಿತ್ತು.

ಮಳೆ ಆ ವರ್ಷ ಹೊತ್ತಿಗೆ ಸರಿಯಾಗಿ ಬಂತು. ಕರಿ ಮಣ್ಣು ಕಾಲಿಗೆ ಮೆತ್ತಿಕೊಂಡು ಮನೆಯೊಳಗೆ ಬರತೊಡಗಿತು. ನಾಗರತ್ನಳಿಗೆ ನಾಲ್ಕನೆಯ ತಿಂಗಳು ದಾಟಿತು, ಐದು ತುಂಬಿತು, ಆರು ತುಂಬಿತು. ಪ್ರತಿ ತಿಂಗಳು ಸಿರುಗುಪ್ಪದ ಸುದ್ದಿ ಬಂದಾಗ ಅತ್ತೆ ಮೊದಲು ಸುದ್ದಿ ತಂದವರ ಮುಖ ನೋಡುತ್ತಿದ್ದರು, ಆಮೇಲೆ ಮಾತು ಕೇಳುತ್ತಿದ್ದರು. ಶ್ರಾವಣದಲ್ಲಿ ಕುಬುಸದ ದಿನ ಗೊತ್ತಾಯಿತು. ಹೋಳಿಗೆ, ಕರ್ಚಿಕಾಯಿ, ಚಕ್ಕುಲಿ, ಐದು ಬಗೆಯ ಅನ್ನ, ಮೂರು ಬಗೆಯ ಚಟ್ನಿಪುಡಿ. ಬುತ್ತಿ ಕಟ್ಟುವ ಬೆಳಿಗ್ಗೆ ಬಾಟಲಿ ತರಲು ಕತ್ತಲೆ ಕೋಣೆಗೆ ಹೋದೆ.

ಮೂರೇ ಇದ್ದವು.

ಜೋಳದ ಚೀಲ ಸರಿಸಿ ನೋಡಿದೆ. ಹಿತ್ತಲಿಗೆ ಬಂದು ನೋಡಿದರೆ ನಾಲ್ಕನೆಯದು ತೊಳೆದು ಕವುಚಿ ಇಟ್ಟಿತ್ತು, ಖಾಲಿ. ನನ್ನ ಮೈ ಉರಿಯಿತು. ಮತ್ತೆ ಬಿಚ್ಚಿದ್ದಾರೆ. ಒಂದನ್ನು ಬಿಚ್ಚಿದವರು ಉಳಿದ ಮೂರನ್ನು ಬಿಟ್ಟಾರೆಯೇ? ಮುಚ್ಚಳಗಳನ್ನು ತಟ್ಟಿ ನೋಡಿದೆ. ತಗ್ಗಿದ್ದವು, ಸದ್ದು ಸರಿಯಿತ್ತು. ಆದರೂ ಅನುಮಾನ ಹೊಕ್ಕ ಮೇಲೆ ಕಿವಿಯನ್ನೂ ನಂಬಲಾಗುವುದಿಲ್ಲ. ಮಂಗಳಕಾರ್ಯದ ದಿನ ಹಳೆಯ ಜಗಳ ತೆಗೆಯಬಾರದೆಂದು ಹಲ್ಲು ಕಚ್ಚಿ ಮೂರನ್ನೂ ಬಟ್ಟೆಯಲ್ಲಿ ಸುತ್ತಿಕೊಂಡೆ. ಸಿರುಗುಪ್ಪದವರೆಗೆ ಬಸ್ಸಿನಲ್ಲಿ ಅತ್ತೆಯ ಜೊತೆ ಒಂದು ಮಾತೂ ಆಡಲಿಲ್ಲ. ಅವರೂ ಕೇಳಲಿಲ್ಲ.

ನಾಗರತ್ನ ಹಸಿರು ಸೀರೆಯಲ್ಲಿ, ಕೈ ತುಂಬ ಹಸಿರು ಬಳೆಯಲ್ಲಿ ಮಣೆಯ ಮೇಲೆ ಕೂತಿದ್ದಳು. ಮುಖದಲ್ಲಿ ಕಳೆ ಬಂದಿತ್ತು. ಆರತಿಯಾಯಿತು, ಉಡಿ ತುಂಬಿದರು. ಬುತ್ತಿ ಬಿಚ್ಚಿ ಒಂದೊಂದೇ ಎಲೆಗೆ ಬಡಿಸಿದೆವು. ಕೊನೆಗೆ ನಾನು ಬಾಟಲಿ ತೆಗೆದೆ. ಗಾಜಿನೊಳಗೆ ಅಂಜೂರ ಕಂಡದ್ದೇ ಅವಳು "ಅವ್ವಾ" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ನಿಲ್ರಿ," ಎಂದರು ನೀಲಮ್ಮನವರು. ಹೆಂಗಸರೆಲ್ಲ ತಿರುಗಿ ನೋಡಿದರು. "ಯಾವಾಗಿನ ಹಣ್ರೀ ಇದು?"

"ವೈಶಾಖದ್ದು," ಎಂದೆ.

"ಮೂರು ತಿಂಗಳಾತು! ಉಪ್ಪಿಲ್ಲ, ಎಣ್ಣಿ ಇಲ್ಲ. ಬಸುರಿ ಹೆಂಗಸಿಗೆ ಇದನ್ನ ಹೆಂಗ ಕೊಡ್ತೀರಿ? ಏನೂ ಆಗಂಗಿಲ್ಲ ಅಂತ ಯಾರು ಹೇಳ್ತೀರಿ ನನಗ?"

ಹೇಳಬೇಕಾದವಳು ನಾನು. ತರಬೇತಿ ನನ್ನದು, ನೋಟ್‌ಬುಕ್ ನನ್ನದು, ಕೈ ನನ್ನದು. ಆದರೆ ಹಿತ್ತಲಲ್ಲಿ ಕವುಚಿಟ್ಟ ಖಾಲಿ ಬಾಟಲಿ ಕಣ್ಣ ಮುಂದೆ ಬಂತು. ಎರಡು ಸಲ ಮಗು ಕಳೆದುಕೊಂಡವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಬಾಟಲಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಬಿಡಲೇ ಎಂದುಕೊಂಡೆ.

"ನಾ ಹೇಳ್ತೀನಿ ನೀಲಮ್ಮಾ," ಎಂದರು ಅತ್ತೆ. "ನಾಕು ಬಾಟ್ಲಿ ಇದ್ವು. ಹತ್ತು ದಿನದ ಹಿಂದ ಒಂದು ಬಾಟ್ಲಿ ಬಿಚ್ಚಿ ನಾನೊಬ್ಬಾಕಿನ ತಿಂದೀನಿ. ಪಾಕನೂ ಬಿಡಲಿಲ್ಲ, ಕುಡದೀನಿ. ಹತ್ತು ದಿನ ಕಾದೀನಿ. ಹೊಟ್ಟಿ ನೋವಿಲ್ಲ, ವಾಂತಿ ಇಲ್ಲ. ನಿಮ್ಮ ಮುಂದ ಕುಂತೀನಿ ನೋಡ್ರಿ. ಉಳಿದ ಮೂರರ ಮುಚ್ಚಳ ನಾ ಮುಟ್ಟಿಲ್ಲ. ಬಸವಣ್ಣನ ಆಣಿ."

ಒಂದು ಬಾಟಲಿ ಚೆನ್ನಾಗಿದ್ದ ಮಾತ್ರಕ್ಕೆ ಉಳಿದವೂ ಚೆನ್ನಾಗಿರುತ್ತವೆ ಎಂದೇನಿಲ್ಲ, ಒಂದೊಂದನ್ನೂ ನೋಡಿಯೇ ಕೊಡಬೇಕು. ಅದು ನನಗೆ ಗೊತ್ತಿತ್ತು. ಬಾಟಲಿಯನ್ನು ಬೆಳಕಿಗೆ ಹಿಡಿದೆ. ಪಾಕ ತಿಳಿಯಾಗಿತ್ತು, ಒಂದೂ ಗುಳ್ಳೆ ಇರಲಿಲ್ಲ. ಮುಚ್ಚಳ ತಟ್ಟಿದೆ. ತಿರುಗಿಸಿದಾಗ ಅದು ಉಸಿರೆಳೆದುಕೊಂಡು ಟಪ್ ಎಂದಿತು. ಮೂಸಿ ನೋಡಿದೆ, ನೀಲಮ್ಮನವರಿಗೂ ಮೂಸಲು ಕೊಟ್ಟೆ. ಅವರು ಬಹಳ ಹೊತ್ತು ಮೂಸಿದರು.

"ನಮ್ಮ ಗುರುಬಸಮ್ಮ ತಿಂದಾರಂದ್ರ ಕೊಡ್ರಿ," ಎಂದರು. ಅವರ ಕಣ್ಣಲ್ಲಿ ನೀರಿತ್ತು.

ನಾಗರತ್ನ ಮೊದಲ ಹಣ್ಣನ್ನು ಕಣ್ಣು ಮುಚ್ಚಿಕೊಂಡು ತಿಂದಳು. ಎರಡನೆಯದನ್ನು ನಗುತ್ತ ತಿಂದಳು. ಮೂರನೆಯದಕ್ಕೆ ಕೈ ಹಾಕಿದಾಗ ನೀಲಮ್ಮನವರು "ಸಾಕ ಯವ್ವಾ, ನಾಳಿಗಿ ಇರ್ಲಿ," ಎಂದು ಬಾಟಲಿಯನ್ನು ಕಸಿದುಕೊಂಡು, ಒಂದನ್ನು ತಮ್ಮ ಬಾಯಿಗೂ ಹಾಕಿಕೊಂಡರು.

ಅವಳನ್ನು ಕರೆದುಕೊಂಡು ಕುರುಗೋಡಿಗೆ ಬಂದೆವು. ದೀಪಾವಳಿಗೆ ಇನ್ನೂ ನಾಲ್ಕು ದಿನವಿರುವಾಗ ಹೆಣ್ಣು ಹುಟ್ಟಿತು. ತಾಯಿ ಮಗು ಇಬ್ಬರೂ ಗಟ್ಟಿ. ಮನೆಯ ತುಂಬ ಸಾಂಬ್ರಾಣಿ ಹೊಗೆ, ಬಾಣಂತಿಯ ಖಾರದ ವಾಸನೆ. ಒಂದು ಮಧ್ಯಾಹ್ನ ಅತ್ತೆ ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ನಾನು ಬಿಸಿನೀರು ತಂದೆ. ಅಷ್ಟು ದಿನ ಬಾಯಿಗೆ ಬಂದು ನಿಲ್ಲುತ್ತಿದ್ದ ಮಾತನ್ನು ಕೇಳಿಯೇಬಿಟ್ಟೆ.

"ಅತ್ತಿ, ಆ ಬಾಟ್ಲಿ ತಿಂದು ನಿಮಗೇನರ ಆಗಿದ್ರ?"

ಅವರು ತಲೆ ಎತ್ತಲಿಲ್ಲ. ಮಗುವಿನ ಬೆನ್ನು ನೀವುತ್ತಲೇ ಇದ್ದರು.

"ಆಗಿದ್ರ ನೀ ಉಳಿದ ಮೂರೂ ತಿಪ್ಪಿಗಿ ಸುರೀತಿದ್ದಿ. ಆವತ್ತು ನನ್ನ ಮುಂದ ಒಂಬತ್ತು ಸುರದಾಕಿ, ಮೂರು ಬಿಡ್ತಿದ್ದೇನು? ನನ್ನ ಮಗಳಿಗೆ ಏನೂ ಆಗಗೊಡತಿರಲಿಲ್ಲ ನೀನು. ಅಷ್ಟು ಧೈರ್ಯ ಇತ್ತು, ತಿಂದೆ. ನೀರು ಸುರಿ, ಆರ್ತೈತಿ."

ಸೊಸೆಯನ್ನು ಮಗಳಂತೆ ಕಂಡರು ಎಂದು ಹೇಳುವ ಮಾತನ್ನು ನಾನು ಸುಲಭಕ್ಕೆ ನಂಬುವವಳಲ್ಲ. ನಮ್ಮ ಅತ್ತೆ ಕೊನೆಯವರೆಗೂ ನನ್ನನ್ನು ಸೊಸೆಯಾಗಿಯೇ ಕಂಡರು, ಬೈಯಬೇಕಾದಾಗ ಚೆನ್ನಾಗಿಯೇ ಬೈದರು. ಆದರೆ ನಾನು ಅವರಿಗೆ ಆಡಿದ ಅತ್ಯಂತ ಕೆಟ್ಟ ಮಾತನ್ನು, ಮಾಡಿದ ಅತ್ಯಂತ ಒರಟು ಕೆಲಸವನ್ನು, ಅವರು ನನ್ನ ಮೇಲಿನ ನಂಬಿಕೆಗೆ ಕಾರಣವಾಗಿ ಇಟ್ಟುಕೊಂಡಿದ್ದರು. ನಾನು ಅತ್ತುಬಿಟ್ಟೆ. ಮಗುವೂ ಅಳಲು ಶುರು ಮಾಡಿತು. "ಇಬ್ರೂ ಕೂಡಿ ಶುರು ಮಾಡಿದ್ರಿ?" ಎಂದು ಅತ್ತೆ ಗದರಿದರು, ನಾನು ನೀರು ಸುರಿದೆ.